ಹೊಸಂಗಡಿ ಘಟ್ಟವೂ ಹೈದರಗಡವೂ

ನಾಡಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜಧಾನಿಗಳನ್ನೂ ರಣರಂಗಗಳನ್ನೂ ಮುಂದಿಟ್ಟುಕೊಳ್ಳುತ್ತಾರೆ. ರಾಜಧಾನಿಗೆ ಧಾನ್ಯವನ್ನೂ ರಣರಂಗಕ್ಕೆ ಸೈನ್ಯವನ್ನೂ ಹೊತ್ತು ತಂದ ದಾರಿಗಳ ಚರಿತ್ರೆ ಮಾತ್ರ ಬಹುಮಟ್ಟಿಗೆ ಬರೆಯದೆಯೇ ಉಳಿಯುತ್ತದೆ. ಕೆಳದಿ ಅರಸರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಶಿವಪ್ಪನಾಯಕನ ಶಿಸ್ತು, ಚೆನ್ನಮ್ಮಾಜಿಯ ಧೈರ್ಯ, ಬಿದನೂರಿನ ಐಶ್ವರ್ಯ ಇವುಗಳನ್ನು ಕನ್ನಡಿಗರೆಲ್ಲರೂ ಬಲ್ಲರು. ಆದರೆ ಆ ಐಶ್ವರ್ಯವು ಹತ್ತಿ ಬಂದ ಮೆಟ್ಟಿಲು ಯಾವುದು, ಅದನ್ನು ಕಾದ ಬಾಗಿಲು ಎಲ್ಲಿತ್ತು, ಆ ಬಾಗಿಲು ಹೇಗೆ ತೆರೆಯಿತು ಎಂಬುದನ್ನು ವಿಚಾರಿಸಿದವರು ವಿರಳ. ಆ ಮೆಟ್ಟಿಲೇ ಹೊಸಂಗಡಿ ಘಟ್ಟ. ಆ ಬಾಗಿಲೇ ಘಟ್ಟದ ನೆತ್ತಿಯ ಮೇಲಿದ್ದ, ಹಿಂದಿನ ದಾಖಲೆಗಳಲ್ಲಿ ಹೈದರಗಡವೆಂದು ಪ್ರಸಿದ್ಧವಾದ ಕೋಟೆ.

1763ರಿಂದ 1783ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಬಿದನೂರು ಮೂರು ಬಾರಿ ಕೈಬದಲಾಯಿಸಿತು. ಘಟ್ಟದ ಇಳಿಜಾರು ಮೂರು ಬಾರಿಯೂ ಅಷ್ಟೇ ಕಡಿದಾಗಿತ್ತು, ಕಾಡು ಅಷ್ಟೇ ದಟ್ಟವಾಗಿತ್ತು. ಹಾಗಿದ್ದೂ ನಗರವು ಏಕೆ ಬಿದ್ದಿತು? ಈ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಘಟ್ಟದ ನೆಲೆ

ಇಂದು ಶಿವಮೊಗ್ಗದ ಕಡೆಯಿಂದ ಹೊಸನಗರ, ನಗರ, ಮಾಸ್ತಿಕಟ್ಟೆಗಳನ್ನು ಹಾಯ್ದು ಕುಂದಾಪುರಕ್ಕೆ ಇಳಿಯುವ ಪ್ರವಾಸಿಗನು ಹುಲಿಕಲ್ ಘಾಟಿಯನ್ನು ದಾಟುತ್ತಾನೆ. ಬಾಳೆಬರೆ ಘಾಟಿ ಎಂಬ ಹೆಸರೂ ಇದಕ್ಕುಂಟು. ಘಟ್ಟದಲ್ಲಿರುವ ಚಂಡಿಕಾಂಬೆಯ ಗುಡಿಯ ಮುಂದೆ ವಾಹನಗಳು ನಿಂತು, ಕೈಮುಗಿದು, ಮುಂದೆ ಸಾಗುತ್ತವೆ. ಘಟ್ಟದ ಬುಡದಲ್ಲಿ ವಾರಾಹಿ ನದಿಯ ಕಣಿವೆಯಲ್ಲಿ ಹೊಸಂಗಡಿ ಎಂಬ ಊರಿದೆ. ಹಿಂದಿನವರು ಈ ಕಣಿವೆಯ ದಾರಿಯನ್ನು ಈ ಊರಿನ ಹೆಸರಿನಿಂದಲೇ ಕರೆದರು. ಹಳೆಯ ಹೇರೆತ್ತಿನ ದಾರಿಯ ತಿರುವುಗಳೆಲ್ಲವೂ ಇಂದಿನ ಮೋಟಾರು ರಸ್ತೆಯ ತಿರುವುಗಳಲ್ಲ. ಆದರೆ ಮಲೆನಾಡನ್ನೂ ಕರಾವಳಿಯನ್ನೂ ಕೂಡಿಸುವ ಕೆಲಸವು ಅಂದಿನಂತೆಯೇ ಇಂದಿಗೂ ಈ ಭಾಗದ ಘಟ್ಟಕ್ಕೆ ಸೇರಿದೆ.

ಸಹ್ಯಾದ್ರಿಯು ಇಲ್ಲಿ ಸಮುದ್ರಕ್ಕೆ ಬಹಳ ಸಮೀಪದಲ್ಲಿ ಗೋಡೆಯಂತೆ ಎದ್ದು ನಿಂತಿದೆ. ಪಶ್ಚಿಮದಿಂದ ಬರುವ ಮೋಡಗಳೆಲ್ಲ ಈ ಗೋಡೆಗೆ ತಾಗಿ ಸುರಿಯುವುದರಿಂದ ನಾಡಿನಲ್ಲಿಯೇ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಹುಲಿಕಲ್ಲೂ ಒಂದು. ಕೆಲವು ವರ್ಷಗಳಲ್ಲಿ ಅದು ಆಗುಂಬೆಯನ್ನೂ ಮೀರಿಸುತ್ತದೆ. ಈ ಮಳೆಯ ಮಾತನ್ನು ವರ್ಣನೆಗಾಗಿ ಹೇಳುತ್ತಿಲ್ಲ. ಇಲ್ಲಿಯ ಯುದ್ಧಗಳ ಕಾಲವನ್ನು ನಿರ್ಧರಿಸಿದುದು ಮಳೆಯೇ. ಜೂನ್ ತಿಂಗಳು ಮೊದಲಾಯಿತೆಂದರೆ ಹಳ್ಳಗಳು ಉಕ್ಕಿ, ದಾರಿ ಕುಸಿದು, ಎತ್ತುಗಳಾಗಲಿ ತೋಪುಗಳಾಗಲಿ ಘಟ್ಟವನ್ನು ಹತ್ತುವುದು ಅಸಾಧ್ಯವಾಗುತ್ತಿತ್ತು. ಆದುದರಿಂದ ಈ ಘಟ್ಟದ ಮೇಲೆ ಕಣ್ಣಿಟ್ಟವರೆಲ್ಲರೂ ಚಳಿಗಾಲದಲ್ಲಿ ಅಥವಾ ಬೇಸಿಗೆಯಲ್ಲಿ ಬಂದರು. ಮಳೆಯ ಮೊದಲು ಕೆಲಸವನ್ನು ಮುಗಿಸಲು ತವಕಿಸಿದರು.

ರಾಜಧಾನಿಯು ಘಟ್ಟವನ್ನು ಅರಸಿ ಬಂದುದು

ಕೆಳದಿಯ ಅರಸರು ಮೊದಲು ಕೆಳದಿಯಲ್ಲಿಯೂ ಅನಂತರ ಇಕ್ಕೇರಿಯಲ್ಲಿಯೂ ನೆಲೆಸಿದ್ದರು. ಇಕ್ಕೇರಿಯ ಅಘೋರೇಶ್ವರ ದೇವಾಲಯವು ಆ ಕಾಲದ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಆದರೆ ಇಕ್ಕೇರಿಯು ಉತ್ತರದ ಬಯಲಿನ ಕಡೆಗೆ ತೆರೆದುಕೊಂಡಿದ್ದ ಊರು. ವೀರಭದ್ರನಾಯಕನ ಕಾಲದಲ್ಲಿ ವಿಜಾಪುರದ ಸೇನಾನಿ ರಣದುಲ್ಲಾಖಾನನು ದಂಡೆತ್ತಿ ಬಂದು ಇಕ್ಕೇರಿಯನ್ನು ಹಿಡಿದು ಸೂರೆಗೊಂಡನು. ಈ ಪೆಟ್ಟಿನ ಬಳಿಕ, 1639-40ರ ಸುಮಾರಿಗೆ, ರಾಜಧಾನಿಯು ದಕ್ಷಿಣಕ್ಕೆ ಸರಿದು ಬಿದಿರುಮೆಳೆಗಳ ನಡುವಣ ಬಿದನೂರಿಗೆ ಬಂದಿತು. 1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕನು ಅದನ್ನು ನಿಜವಾದ ಅರ್ಥದಲ್ಲಿ ರಾಜಧಾನಿಯನ್ನಾಗಿ ಬೆಳೆಸಿದನು.

ಸ್ಥಳದ ಆಯ್ಕೆಯಲ್ಲಿ ಎರಡು ದೃಷ್ಟಿಗಳಿದ್ದವು. ಮೊದಲನೆಯದು ರಕ್ಷಣೆ. ಬಿದನೂರಿನ ಸುತ್ತಲೂ ಗುಡ್ಡಗಳು, ಗುಡ್ಡಗಳ ನಡುವೆ ಇಕ್ಕಟ್ಟಾದ ಕಣಿವೆಗಳು, ಕಣಿವೆಗಳಲ್ಲಿ ಕಾವಲಿನ ಉಕ್ಕಡಗಳು. ಊರಿನ ಕೋಟೆಗಿಂತ ದೊಡ್ಡ ಕೋಟೆಯೊಂದನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು. ಎರಡನೆಯದು, ಮೊದಲನೆಯದಕ್ಕಿಂತ ದೂರದೃಷ್ಟಿಯುಳ್ಳದ್ದು, ಸಮುದ್ರ. ಹೊಸಂಗಡಿ ಘಟ್ಟವು ಕೈಗೆಟಕುವಷ್ಟು ಹತ್ತಿರದಲ್ಲಿದ್ದುದರಿಂದ ಬಿದನೂರಿನಿಂದ ಬಸರೂರು, ಕುಂದಾಪುರ, ಗಂಗೊಳ್ಳಿಗಳ ಬಂದರುಗಳಿಗೆ ನೇರವಾದ ಹಾದಿ ದೊರೆಯಿತು. ಮೈಸೂರು ಗ್ಯಾಸೆಟಿಯರಿನ ಕರ್ತೃ ರೈಸರು ಬಿದನೂರಿನ ಏಳಿಗೆಗೆ ಈ ಘಟ್ಟದ ಸೌಕರ್ಯವನ್ನೇ ಕಾರಣವಾಗಿ ಹೇಳುತ್ತಾರೆ. ಅವರು ಕೊಟ್ಟಿರುವ ವಿವರದಂತೆ ಊರಿನ ಕೋಟೆಗೋಡೆಯ ಸುತ್ತಳತೆ ಎಂಟು ಮೈಲಿ. ಅದಕ್ಕೆ ಹತ್ತು ಬಾಗಿಲುಗಳು. ದಿಲ್ಲಿಯ ಬಾಗಿಲು, ಕೊಡಿಯಾಲದ ಬಾಗಿಲು, ಕವಲೇದುರ್ಗದ ಬಾಗಿಲು ಎಂದು ಅವುಗಳಲ್ಲಿ ಕೆಲವಕ್ಕೆ ಹೆಸರು. ಕೊಡಿಯಾಲವೆಂದರೆ ಮಂಗಳೂರು. ಒಂದು ಬಾಗಿಲು ದಿಲ್ಲಿಯನ್ನೂ ಇನ್ನೊಂದು ಕಡಲನ್ನೂ ನೋಡುತ್ತಿದ್ದ ಮಲೆನಾಡಿನ ಊರು ಅದು. ಮನೆಗಳ ಸಂಖ್ಯೆ ಒಂದು ಲಕ್ಷವನ್ನು ಮುಟ್ಟಿದರೆ ಊರಿಗೆ ‘ನಗರ’ವೆಂಬ ಹೆಸರು ಸಲ್ಲುವುದೆಂದೂ ಬಿದನೂರು ಆ ಸಂಖ್ಯೆಯತ್ತ ಸಾಗಿತ್ತೆಂದೂ ಐತಿಹ್ಯವಿದೆ. ಲಕ್ಷದ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಅಂಥ ಮಾತು ಹುಟ್ಟುವಷ್ಟು ಊರು ಬೆಳೆದಿತ್ತೆಂಬುದು ಸತ್ಯ.

ಘಟ್ಟದ ಮೇಲಿನ ಒಡೆತನವಷ್ಟೇ ಇದ್ದು ಅದರ ಕೆಳಗಣ ಬಂದರು ಪರರ ಕೈಯಲ್ಲಿದ್ದರೆ ಪ್ರಯೋಜನವಿಲ್ಲವೆಂಬುದನ್ನು ಶಿವಪ್ಪನಾಯಕನು ಅರಿತಿದ್ದನು. 1652ರಿಂದ 1654ರವರೆಗಿನ ಅವಧಿಯಲ್ಲಿ ಅವನು ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ತುಗೀಸ್ ಕೋಟೆಗಳನ್ನು ಕಿತ್ತುಕೊಂಡುದು ಈ ಅರಿವಿನ ಫಲ. ಘಟ್ಟದ ತುದಿ ಮತ್ತು ಬುಡ ಎರಡೂ ಒಂದೇ ಕೈಗೆ ಬಂದಾಗ ಬಿದನೂರು ಸಂಪೂರ್ಣವಾದ ರಾಜ್ಯವಾಯಿತು.

ಹೇರು ಮತ್ತು ದಾಸೋಹ

ಘಟ್ಟದ ದಾರಿಯಲ್ಲಿ ಬಂಡಿಗಳು ನಡೆಯುತ್ತಿರಲಿಲ್ಲ. ಬೆನ್ನಿನ ಇಕ್ಕೆಲಗಳಲ್ಲಿ ಗೋಣಿಯನ್ನು ಹೊತ್ತ ಹೇರೆತ್ತುಗಳು ಸಾಲುಸಾಲಾಗಿ ಏರಿ ಇಳಿಯುತ್ತಿದ್ದವು. ಮೇಲಿನಿಂದ ಮೆಣಸು, ಅಡಕೆ, ಏಲಕ್ಕಿ, ಶ್ರೀಗಂಧಗಳು ಇಳಿದರೆ ಕೆಳಗಿನಿಂದ ಉಪ್ಪು, ತೆಂಗು, ಹೊರನಾಡಿನ ಸರಕುಗಳು ಏರಿ ಬರುತ್ತಿದ್ದವು. ಕರಾವಳಿಯ ಅಕ್ಕಿಯು ಗೋವೆಗೆ ಅನ್ನವಾಗಿದ್ದಿತು. ಮೆಣಸಿಗಾಗಿ ಐರೋಪ್ಯರು ಕೆಳದಿಯ ಅರಸರೊಡನೆ ಒಪ್ಪಂದಗಳನ್ನು ಮಾಡಿಕೊಂಡರು. ಪ್ರತಿಯೊಂದು ಹೇರಿಗೂ ಸುಂಕವಿದ್ದಿತು. ಅರಮನೆಯ ಭಂಡಾರವನ್ನು ತುಂಬಿದ ವರಹಗಳಲ್ಲಿ ಎಷ್ಟೋ ಪಾಲು ಈ ಎತ್ತುಗಳ ಗೊರಸಿನ ಹಾದಿಯಲ್ಲಿ ನಡೆದು ಬಂದುದು. ಟಂಕಸಾಲೆಯು ಬಿದನೂರಿಗೆ ಬಂದ ಮೇಲೆಯೂ ಆ ನಾಣ್ಯಗಳಿಗೆ ಇಕ್ಕೇರಿ ವರಹವೆಂಬ ಹಳೆಯ ಹೆಸರೇ ಉಳಿದುದು ಕೂಡ ವ್ಯಾಪಾರಿಗಳ ನಂಬಿಕೆಯ ಗುರುತು. ಜನರು ಅರಿತ ಹೆಸರನ್ನು ಬದಲಾಯಿಸಲು ಅರಸರು ಅವಸರಿಸಲಿಲ್ಲ.

ಕೆಳದಿಯ ಅರಸರು ವೀರಶೈವರು. ಘಟ್ಟದ ಮೇಲೂ ಕೆಳಗೂ ಅವರು ಮಠಗಳನ್ನು ಕಟ್ಟಿಸಿ, ಜಂಗಮ ದಾಸೋಹಕ್ಕೆಂದು ಭೂಮಿಯನ್ನು ಬಿಟ್ಟರು. ರೈಸರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಅವುಗಳಲ್ಲಿ ಕೆಳದಿ ಅರಸರ ದಾನಗಳನ್ನು ವಿದ್ಯಾರ್ಥಿಗಳು ಕಾಣಬಹುದು. ಅದೇ ಅರಸರು ಕೊಲ್ಲೂರಿನ ಮೂಕಾಂಬಿಕೆಯನ್ನೂ ಶೃಂಗೇರಿಯ ಮಠವನ್ನೂ ಗೌರವಿಸಿದರು. ಕಾವಲುಗಾರನು ಕಳ್ಳರಿಂದ ದಾರಿಯನ್ನು ಕಾಯಬಲ್ಲನು. ಆದರೆ ದಣಿದು ಬಂದವನಿಗೆ ಅನ್ನವನ್ನೂ ನೆರಳನ್ನೂ ಕೊಟ್ಟಲ್ಲದೆ ದಾರಿಯು ಬಾಳುವುದಿಲ್ಲ. ಉಕ್ಕಡ ಮತ್ತು ಮಠ ಎರಡೂ ಕೂಡಿಯೇ ಮಲೆನಾಡಿನ ದಾರಿಗಳನ್ನು ಉಳಿಸಿದವು.

ಈ ನಂಬಿಕೆಯ ರಾಜ್ಯವು ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಚೆನ್ನಮ್ಮಾಜಿಯ ಆಳ್ವಿಕೆ ನಿದರ್ಶನ. 1689ರಲ್ಲಿ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯವಿತ್ತು, ಸುರಕ್ಷಿತವಾಗಿ ಮುಂದಕ್ಕೆ ಕಳುಹಿಸಿದಳು. ಮೊಗಲರ ಸೈನ್ಯವು ಬಂದಾಗಲೂ ರಾಜ್ಯವು ಉಳಿಯಿತು. ಕಾಡು, ಕಣಿವೆ, ಕೋಟೆಗಳು ಆಗಲೂ ಇದ್ದವು. ಅವುಗಳ ಹಿಂದೆ ರಾಣಿಯನ್ನು ನಂಬಿದ ಸೇನೆಯೂ ಸೇನೆಯನ್ನು ನಂಬಿದ ರಾಣಿಯೂ ಇದ್ದರು. ಆಕೆಯ ದತ್ತುಪುತ್ರ ಬಸವಪ್ಪನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸುವಷ್ಟು ನೆಮ್ಮದಿ ಆ ಮನೆತನಕ್ಕೆ ಲಭಿಸಿದ್ದುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಲಾಗದು.

1763: ಗುಪ್ತಮಾರ್ಗ

1757ರಲ್ಲಿ ಎಳೆಯ ಅರಸನಾದ ಚೆನ್ನಬಸಪ್ಪನಾಯಕನು ತೀರಿಕೊಂಡ ಬಳಿಕ ರಾಣಿ ವೀರಮ್ಮಾಜಿಯು ದತ್ತುಪುತ್ರ ಸೋಮಶೇಖರನ ಹೆಸರಿನಲ್ಲಿ ಆಳತೊಡಗಿದಳು. ಅರಮನೆಯಲ್ಲಿ ಒಡಕು ಹುಟ್ಟಿತ್ತು. ಹಳೆಯ ಅಧಿಕಾರಿಗಳಲ್ಲಿ ಕೆಲವರು ದೂರವಾಗಿದ್ದರು, ಕೆಲವರು ಸೆರೆಯಲ್ಲಿದ್ದರು. ತಾನೇ ಸತ್ತುಹೋದನೆನ್ನಲಾದ ಚೆನ್ನಬಸಪ್ಪನೆಂದು ಹೇಳಿಕೊಂಡ ಯುವಕನೊಬ್ಬನು ಹೈದರಾಲಿಯ ಮರೆಹೊಕ್ಕನು. ಹೈದರನಿಗೆ ಬೇಕಾಗಿದ್ದುದು ಇಂಥ ನೆಪವೇ. 1763ರ ಆರಂಭದಲ್ಲಿ ಅವನು ಬಿದನೂರಿನತ್ತ ನಡೆದನು. ರಾಣಿಯು ಹಣವನ್ನು ಕೊಡುವೆನೆಂದಳು. ಸೈನ್ಯವು ಹತ್ತಿರವಾದಂತೆಲ್ಲ ಆ ಹಣದ ಮೊತ್ತವನ್ನು ಏರಿಸಿದಳು. ಹೈದರನು ನಿಲ್ಲಲಿಲ್ಲ.

ಇಲ್ಲಿ ನಡೆದ ಒಂದು ಸಂಗತಿಯನ್ನು ಇತಿಹಾಸಕಾರ ವಿಲ್ಕ್ಸನು ದಾಖಲಿಸಿದ್ದಾನೆ. ಬಿದನೂರಿನ ಮಾಜಿ ಮಂತ್ರಿಯೊಬ್ಬನು ದಾರಿಯಲ್ಲಿ ಸೆರೆಯಾಳಾಗಿ ಹೈದರನಿಗೆ ದೊರೆತನು. ರಾಜ್ಯದ ಸ್ಥಿತಿಗತಿಗಳನ್ನೆಲ್ಲ ಬಲ್ಲ ಆತನು ಊರಿನೊಳಕ್ಕೆ ಹೋಗುವ ಗುಪ್ತಮಾರ್ಗವನ್ನು ತಿಳಿಸಿಕೊಟ್ಟನು. ಹೈದರನು ಕಾವಲಿನ ಕಣಿವೆಗಳ ಮುಂದೆ ತೋರಿಕೆಯ ದಾಳಿಯನ್ನು ನಡೆಸಿ, ತಾನು ಆ ಮಾರ್ಗದಿಂದ ಊರೊಳಗೆ ಕಾಣಿಸಿಕೊಂಡನು. ಕಾವಲುಗಾರರು ಹೊರಗಿನ ಶತ್ರುವನ್ನು ನೋಡುತ್ತಿರುವಂತೆಯೇ ಶತ್ರು ಬೆನ್ನ ಹಿಂದೆ ಬಂದುಬಿಟ್ಟಿದ್ದನು. ಅರಮನೆಗೆ ಬೆಂಕಿ ಬಿದ್ದಿತು. ಬಲ್ಲಾಳರಾಯನದುರ್ಗಕ್ಕೆ ಓಡಿದ ರಾಣಿಯು ಸೆರೆಯಾಗಿ, ಕೊನೆಗೆ ಮಧುಗಿರಿಯ ಬೆಟ್ಟದ ಮೇಲೆ ಬಂಧನದಲ್ಲಿದ್ದಳು. ಯಾರ ಹೆಸರಿನಲ್ಲಿ ಯುದ್ಧವು ನಡೆಯಿತೋ ಆ ಯುವಕನಿಗೂ ದೊರೆತುದು ಅದೇ ಮಧುಗಿರಿಯ ಸೆರೆಮನೆ. 1767ರಲ್ಲಿ ಪೇಶವೆ ಮಾಧವರಾಯನು ಮಧುಗಿರಿಯನ್ನು ಹಿಡಿದು ರಾಣಿಯನ್ನು ಬಿಡಿಸಿದನು. ಪುಣೆಗೆ ಹೋಗುವ ದಾರಿಯಲ್ಲಿ ಆಕೆ ತೀರಿಕೊಂಡಳು. ಕೆಳದಿಯ ಅರಸೊತ್ತಿಗೆಯ ಕಥೆಯು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಚಂಪುವಿನಲ್ಲಿ ನಮಗೆ ಉಳಿದಿದೆ.

ಹೈದರಗಡ

ತನ್ನ ಮುಂದಿನ ಹಿರಿಮೆಗೆಲ್ಲ ಬಿದನೂರೇ ತಳಹದಿಯೆಂದು ಹೈದರನು ಹೇಳಿಕೊಳ್ಳುತ್ತಿದ್ದನಂತೆ. ಅಲ್ಲಿ ಸಿಕ್ಕ ಸಂಪತ್ತಿನ ಅಂದಾಜುಗಳಲ್ಲಿ ಉತ್ಪ್ರೇಕ್ಷೆ ಬೆರೆತಿರಬಹುದು. ಆದರೆ ಆ ಸಂಪತ್ತಿನ ಬಲದಿಂದ ಮೈಸೂರಿನ ಸೈನ್ಯವು ಹಿರಿದಾಯಿತು, ಕಡಲ ತೀರ ಸಿಕ್ಕಿದ್ದರಿಂದ ಹಡಗುಗಳನ್ನು ಕಟ್ಟುವುದು ಸಾಧ್ಯವಾಯಿತು. ಊರಿಗೆ ಹೈದರನಗರವೆಂದು ಹೆಸರಿಟ್ಟು, ಅಲ್ಲಿ ತನ್ನ ನಾಣ್ಯವನ್ನು ಅಚ್ಚುಹಾಕಿಸಿ, ಅದನ್ನೇ ರಾಜಧಾನಿಯನ್ನಾಗಿ ಮಾಡಿಕೊಳ್ಳಲು ಯೋಚಿಸಿದನು. ಬಿದನೂರು ಎಂಬುದು ಕ್ರಮೇಣ ಬರಿಯ ‘ನಗರ’ವಾದುದು ಹೀಗೆ. ಘಟ್ಟದ ನೆತ್ತಿಯ ಕೋಟೆಗೂ ಅವನ ಹೆಸರೇ ನಿಂತಿತು. ಬುಡದಲ್ಲಿ ಹೊಸಂಗಡಿಯ ಕಾವಲು, ನಡುವೆ ದಾರಿಯುದ್ದಕ್ಕೂ ಅಡ್ಡಗೋಡೆಗಳು, ತುದಿಯಲ್ಲಿ ತೋಪುಗಳನ್ನೇರಿಸಿದ ಹೈದರಗಡ: ಕೆಳಗಿನಿಂದ ಬರುವವನು ಇವೆಲ್ಲವನ್ನೂ ದಾಟಿಯೇ ನಗರದ ಮುಖವನ್ನು ಕಾಣಬೇಕು.

ಆದರೆ ಗೆದ್ದವನಿಗೂ ನೆಮ್ಮದಿ ದೊರೆಯಲಿಲ್ಲ. ಹಳೆಯ ಮನೆತನಕ್ಕೆ ನಿಷ್ಠರಾದವರು ಹೈದರನನ್ನು ಕೊಲ್ಲಲು ಒಳಸಂಚು ಹೂಡಿದರು. ಸಂಚು ಬಯಲಾಗಿ, ವಿಲ್ಕ್ಸನ ಲೆಕ್ಕದಂತೆ, ಮುನ್ನೂರಕ್ಕೂ ಹೆಚ್ಚು ಜನರು ಗಲ್ಲಿಗೇರಿದರು. ಕೋಟೆಗೆ ಹೆಸರನ್ನು ಇಟ್ಟಷ್ಟು ಸುಲಭವಾಗಿ ಜನರ ಮನಸ್ಸಿಗೆ ಹೆಸರನ್ನು ಇಡಲಾಗದು.

1783: ಎರಡು ಪತನಗಳು

1782ರ ಡಿಸೆಂಬರ್ 7ರಂದು ಹೈದರನು ತೀರಿಕೊಂಡನು. ಟೀಪು ದೂರದ ಮಲಬಾರಿನ ಕಡೆ ಇದ್ದು, ಅನಂತರ ಪೂರ್ವದ ಸೈನ್ಯವನ್ನು ಸೇರಿಕೊಂಡನು. ಮುಂಬಯಿಯ ಇಂಗ್ಲಿಷ್ ಸರ್ಕಾರವು ಈ ಅವಕಾಶವನ್ನು ನೋಡಿ, ಬೇರೆಲ್ಲವನ್ನೂ ಬಿಟ್ಟು ಕೂಡಲೆ ಬಿದನೂರನ್ನು ಹಿಡಿಯಬೇಕೆಂದು ತನ್ನ ದಂಡನಾಯಕ ಜನರಲ್ ಮ್ಯಾಥ್ಯೂಸನಿಗೆ ಆಜ್ಞಾಪಿಸಿತು. ಹಿಂದಿನ ದಾರಿಯನ್ನು ಭದ್ರಪಡಿಸಿಕೊಳ್ಳದೆ ಘಟ್ಟವನ್ನು ಹತ್ತುವುದು ಅಪಾಯವೆಂದು ಅವನು ಮೊದಲು ಅನುಮಾನಿಸಿದನು. ಆ ಅನುಮಾನವೇ ನಿಜವಾಗಲಿದ್ದಿತು. ಹೊನ್ನಾವರವನ್ನೂ ಕುಂದಾಪುರವನ್ನೂ ಹಿಡಿದು, 1783ರ ಜನವರಿಯ ಕೊನೆಯ ವಾರದಲ್ಲಿ ಅವನ ಸೈನ್ಯವು ಹೊಸಂಗಡಿಗೆ ಬಂದಿತು. ಮ್ಯಾಕ್ಲೌಡನ ಕೈಕೆಳಗಿನ 42ನೆಯ ಹೈಲ್ಯಾಂಡ್ ದಳವು ಮುಂದಾಗಿ, ಬಂದೂಕಿನ ಬಾಯಿಗೆ ಸಿಕ್ಕಿಸಿದ ಸನೀನುಗಳಿಂದಲೇ ಒಂದೊಂದು ಅಡ್ಡಗೋಡೆಯನ್ನೂ ಹಾಯ್ದು ಹೈದರಗಡವನ್ನು ಮುಟ್ಟಿತು.

ಘಟ್ಟವು ಎದುರಿನ ದಾಳಿಗೆ ಬಿದ್ದುದು ನಿಜ. ಆದರೆ ನಗರದ ಕೋಟೆಯಲ್ಲಿ ಯುದ್ಧವೇ ನಡೆಯಲಿಲ್ಲ. ಅಲ್ಲಿಯ ಅಧಿಪತಿ ಶೇಖ್ ಅಯಾಜನು ಊರನ್ನು ತಾನಾಗಿಯೇ ಒಪ್ಪಿಸಿದನು. ಅಯಾಜನು ಮಲಬಾರಿನ ನಾಯರ್ ಬಾಲಕ. ಸೆರೆಯಾಗಿ ಬಂದು, ಮತಾಂತರಗೊಂಡು, ಹೈದರನ ಪ್ರೀತಿಗೆ ಪಾತ್ರನಾಗಿ ಬೆಳೆದವನು. ಹೈದರನು ಇವನನ್ನು ಹೊಗಳಿ ಮಗನನ್ನು ಹೀಯಾಳಿಸುತ್ತಿದ್ದುದರಿಂದ ಟೀಪುವಿನ ಮನಸ್ಸಿನಲ್ಲಿ ದ್ವೇಷವು ಬೇರೂರಿತ್ತೆಂದೂ, ಪಟ್ಟಕ್ಕೆ ಬಂದೊಡನೆ ಅಯಾಜನನ್ನು ಕೊಲ್ಲಿಸುವ ಆಜ್ಞೆಯು ಹೊರಟು ಅದು ಅಯಾಜನ ಕೈಗೇ ಸಿಕ್ಕಿತೆಂದೂ ವಿಲ್ಕ್ಸನು ಬರೆಯುತ್ತಾನೆ. ಬಿದನೂರಿನಲ್ಲಿ ಸೆರೆಯಾಳಾಗಿದ್ದ ಕ್ಯಾಪ್ಟನ್ ಡೊನಾಲ್ಡ್ ಕ್ಯಾಂಬೆಲ್ಲನನ್ನೇ ಬಿಡುಗಡೆಮಾಡಿ ಅವನ ಮೂಲಕ ಸಂಧಾನವನ್ನು ನಡೆಸಲಾಯಿತು. ಮುಂದೆ ಶತ್ರು, ಹಿಂದೆ ತನ್ನ ಒಡೆಯನ ಕತ್ತಿ. ಇಂಥವನು ಬಾಗಿಲನ್ನು ಎಷ್ಟು ಹೊತ್ತು ಕಾದಾನು?

ಗೆದ್ದ ಇಂಗ್ಲಿಷರ ಪಾಡು ಇದಕ್ಕಿಂತ ಬೇರೆಯಾಗಲಿಲ್ಲ. ಭಂಡಾರದ ಹಣವು ಅವರಲ್ಲಿ ಜಗಳವನ್ನು ಹುಟ್ಟಿಸಿತು. ಅಧಿಕಾರಿಗಳಲ್ಲಿ ಪ್ರಮುಖರಾದ ಮೂವರು ದಂಡನಾಯಕನ ಮೇಲೆ ದೂರನ್ನು ಹೊತ್ತು ಮುಂಬಯಿಗೆ ಹೊರಟುಹೋದರು. ಸೈನ್ಯವು ಚಿಕ್ಕಚಿಕ್ಕ ತುಂಡುಗಳಾಗಿ ನಾನಾ ಕೋಟೆಗಳಲ್ಲಿ ಚದುರಿಹೋಯಿತು. ಇತ್ತ ಟೀಪುವು ಪೂರ್ವದ ಯುದ್ಧವನ್ನು ಬಿಟ್ಟು, ಫ್ರೆಂಚರ ತುಕಡಿಯನ್ನೂ ಕೂಡಿಕೊಂಡು, ಏಪ್ರಿಲ್ ತಿಂಗಳಿನಲ್ಲಿ ಮಿಂಚಿನಂತೆ ಬಂದನು. ಅವನು ಮೊದಲು ಮಾಡಿದ ಕೆಲಸವನ್ನು ಗಮನಿಸಬೇಕು. ಸೈನ್ಯದ ಒಂದು ಭಾಗವನ್ನು ಕಳುಹಿಸಿ ಕವಲೇದುರ್ಗವನ್ನೂ ಹೈದರಗಡವನ್ನೂ ವಶಪಡಿಸಿಕೊಂಡನು. ಘಟ್ಟವು ಮುಚ್ಚಿತು. ಸಮುದ್ರದಿಂದ ಬರಬೇಕಾಗಿದ್ದ ಸಹಾಯದ ಆಸೆ ಕಡಿದುಹೋಯಿತು. ಊರಿನೊಳಗೆ ಉಳಿದಿದ್ದವರು ಕೆಲವು ನೂರು ಐರೋಪ್ಯರು ಮತ್ತು ಸಾವಿರಕ್ಕೆ ಸ್ವಲ್ಪ ಮಿಕ್ಕ ಸಿಪಾಯಿಗಳು. ಏಪ್ರಿಲ್ ಕೊನೆಯಲ್ಲಿ ಅವರು ಶರಣಾದರು. ಭಂಡಾರವು ಬರಿದಾಗಿದ್ದುದನ್ನೂ ವರಹಗಳು ಶರಣಾದವರ ಮೈಮೇಲೆಯೇ ಸಿಕ್ಕುದನ್ನೂ ಕಂಡ ಟೀಪು, ಒಪ್ಪಂದವು ಮುರಿಯಿತೆಂದು ಅವರೆಲ್ಲರನ್ನೂ ಸೆರೆಹಿಡಿದನು. ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಬಂಧನದಲ್ಲಿ ಸತ್ತನು. ಅಲ್ಲಿಂದ ಟೀಪುವು ಮಂಗಳೂರಿಗೆ ಇಳಿದು ಮಳೆಗಾಲವೆಲ್ಲ ಮುತ್ತಿಗೆ ಹಾಕಿದನು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಯುದ್ಧವು ನಿಂತಿತು.

ಆಮೇಲೆ

1799ರಲ್ಲಿ ಟೀಪುವಿನ ಪತನದ ನಂತರ ಕೆಳಗಿನ ಕನ್ನಡ ಜಿಲ್ಲೆಯು ಕಂಪನಿಗೆ ಸೇರಿತು. ಮೇಲಿನ ನಗರ ಪ್ರಾಂತವು ಮೈಸೂರಿಗೆ ಉಳಿಯಿತು. ಶಿವಪ್ಪನಾಯಕನು ಒಂದು ಮಾಡಿದ್ದ ಘಟ್ಟದ ತುದಿಯೂ ಬುಡವೂ ಮತ್ತೆ ಬೇರೆಯಾದವು. 1830-31ರಲ್ಲಿ ಕಂದಾಯದ ಹೊರೆಯಿಂದ ಬೇಸತ್ತ ನಗರದ ರೈತರು ದಂಗೆಯೆದ್ದರು. ಬೂದಿ ಬಸವಪ್ಪನೆಂಬುವನು ತಾನು ಕೆಳದಿಯ ವಂಶದವನೆಂದು ಹೇಳಿಕೊಂಡು ಅವರ ನಾಯಕನಾದನು. ರಾಜವಂಶವು ಅಳಿದು ಎರಡು ತಲೆಮಾರುಗಳಾಗಿದ್ದರೂ ಅದರ ಹೆಸರಿಗೆ ಜನರು ಓಗೊಟ್ಟರು. 1831ರ ಜೂನ್ ತಿಂಗಳಿನಲ್ಲಿ ನಗರವು ಮತ್ತೆ ಸರ್ಕಾರದ ವಶವಾಯಿತು. ಅದೇ ವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆತ್ತಿಕೊಂಡರು. ತಾಲ್ಲೂಕಿನ ಕೇಂದ್ರವು ಮುಂದೆ ಕಲ್ಲೂರುಕಟ್ಟೆಗೆ ಹೋಗಿ, ಆ ಊರೇ ಹೊಸನಗರವಾಯಿತು. ನಗರದಲ್ಲಿ ಇಂದು ಉಳಿದಿರುವುದು ಗುಡ್ಡದ ಮೇಲಿನ ಕೋಟೆ, ಕೆರೆಗಳು, ಸಮೀಪದ ದೇವಗಂಗೆಯ ಕೊಳಗಳು. ಎತ್ತುಗಳ ಸಾಲು ಹತ್ತುತ್ತಿದ್ದ ಕಣಿವೆಯಲ್ಲಿ ಈಗ ವಾರಾಹಿಯ ನೀರು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಧುಮುಕಿ ನಾಡಿಗೆ ಬೆಳಕನ್ನು ಕೊಡುತ್ತಿದೆ. ಬಿದನೂರಿನ ಕಾಲದಲ್ಲಿ ಸಂಪತ್ತು ಈ ಘಟ್ಟವನ್ನು ಏರಿತು. ನಮ್ಮ ಕಾಲದಲ್ಲಿ ಅದು ಇಳಿಯುವ ನೀರಿನಲ್ಲಿದೆ.

ಮೊದಲು ಕೇಳಿದ ಪ್ರಶ್ನೆಗೆ ಈಗ ಮರಳಬಹುದು. 1763ರಲ್ಲಿ ದಾರಿಯನ್ನು ತೋರಿಸಿದವನು ಅರಮನೆಯಿಂದ ದೂರವಾದ ಮಂತ್ರಿ. 1783ರ ಜನವರಿಯಲ್ಲಿ ಬಾಗಿಲನ್ನು ತೆರೆದವನು ಒಡೆಯನಿಗೆ ಹೆದರಿದ ಅಧಿಪತಿ. ಅದೇ ವರ್ಷದ ಏಪ್ರಿಲಿನಲ್ಲಿ ಘಟ್ಟವನ್ನು ಕಳೆದುಕೊಂಡವರು ಹಣಕ್ಕಾಗಿ ಒಬ್ಬರನ್ನೊಬ್ಬರು ಶಂಕಿಸಿದ ವಿಜಯಿಗಳು. ಮೂವರು ಮೂರು ನಾಡಿನವರು, ಮೂರು ಮತದವರು. ಆದರೆ ದೋಷ ಒಂದೇ. ಅಂತೆಯೇ ಚೆನ್ನಮ್ಮಾಜಿಯ ಕಾಲದಲ್ಲಿ ರಾಜ್ಯವನ್ನು ಉಳಿಸಿದ ಗುಣವೂ ಒಂದೇ. ಕಲ್ಲಿನ ಕೋಟೆಯನ್ನು ಯಾರಾದರೂ ಕಟ್ಟಬಹುದು. ಅದರ ಕಾವಲುಗಾರನು ರಾತ್ರಿ ನಿಶ್ಚಿಂತೆಯಿಂದ ನಿಲ್ಲುವಂತೆ ಮಾಡುವುದು ಅರಮನೆಯಲ್ಲಿ ಕುಳಿತವರ ನಡತೆ. ಹೈದರಗಡದ ಗೋಡೆಗಳಿಗೆ ಇಂದು ಕಾಯಲು ಏನೂ ಉಳಿದಿಲ್ಲ. ಘಟ್ಟವನ್ನು ಇಳಿಯುವ ಭಕ್ತರೂ ವಿದ್ಯಾರ್ಥಿಗಳೂ ಚಂಡಿಕಾಂಬೆಯ ಗುಡಿಯ ಬಳಿ ಒಂದು ಗಳಿಗೆ ನಿಂತಾಗ, ಈ ದಾರಿಯನ್ನು ಹೇರಿನಿಂದಲೂ ದಾಸೋಹದಿಂದಲೂ ಜೀವಂತವಾಗಿಟ್ಟ ಆ ಹಿರಿಯರನ್ನು ನೆನೆದರೆ ಸಾಕು.